ಟೈಮಿಂಗ್ ಬೆಲ್ಟ್ ಹಾಕಿದ ಮೇಲೆ ಗಾಡಿ ಚಾಲೂ ಆಗುತ್ತಿಲ್ಲವೇ? ಮೊದಲು ಕೀ ಬಿಡಿ, ಪಾನಾ ಹಿಡಿಯಿರಿ

ಕಳೆದ ಸುಗ್ಗಿಯಲ್ಲಿ ಕಾರಟಗಿಯಿಂದ ಒಬ್ಬ ಹುಡುಗ ಫೋನ್ ಮಾಡಿದ. ವೆಲ್ಡಿಂಗ್ ಅಂಗಡಿ ಇಟ್ಟಿದ್ದಾನೆ, ಕೈಯಲ್ಲಿ ಕೆಲಸ ಚೆನ್ನಾಗಿದೆ. ಅವರ ಮಾವನ ಹಳೇ ಸ್ಯಾಂಟ್ರೊ ಕಾರಿಗೆ ತಾನೇ ಟೈಮಿಂಗ್ ಬೆಲ್ಟ್ ಬದಲಿಸಿದ್ದ.

"ಅಣ್ಣಾರ, ಬೆಲ್ಟ್ ಹೊಸದು ಹಾಕೇನ್ರಿ. ಸೆಲ್ಫ್ ತಿರುಗ್ತದ, ಗಾಡಿ ಚಾಲೂ ಆಗವಲ್ದು. ಟ್ರ್ಯಾಕ್ಟರ್ ಕಟ್ಟಿ ಎಳೀಬೇಕಂತ ಮಾಡೇವಿ."

"ತಮ್ಮಾ, ಮೊದಲು ಟ್ರ್ಯಾಕ್ಟರ್ ಬಿಚ್ಚು. ಕೀ ತೆಗದು ಕಿಸೆದಾಗ ಇಟ್ಕೋ. ನಾ ಬರ್ತೀನಿ."

ಗಂಗಾವತಿಯಲ್ಲಿ ನಾನು ಗ್ಯಾರೇಜು ನಡೆಸಲು ಶುರು ಮಾಡಿ 26 ವರ್ಷ ಆಯಿತು. ಇಂಥ ಫೋನ್ ತಿಂಗಳಿಗೆ ಒಂದಾದರೂ ಬರುತ್ತದೆ. ಎಲ್ಲರಿಗೂ ನಾನು ಹೇಳುವುದು ಮೊದಲು ಇದೇ ಮಾತು. ಟೈಮಿಂಗ್ ಕೆಲಸ ಮಾಡಿದ ಮೇಲೆ ಗಾಡಿ ಒಂದೆರಡು ಸೆಲ್ಫಿಗೆ ಚಾಲೂ ಆಗಲಿಲ್ಲವಾ? ಮೂರನೇ ಸಲ ಕೀ ತಿರುಗಿಸಬೇಡಿ. ದಬ್ಬಬೇಡಿ. ಎಳೆಸಬೇಡಿ.

ಯಾಕೆ ಅಂತ ಹೇಳುತ್ತೇನೆ. ಎಂಜಿನ್ ಕೆಳಗೆ ಕ್ರ್ಯಾಂಕ್ ಇದೆ, ಅದು ಪಿಸ್ಟನ್ನನ್ನು ಮೇಲೆ ಕೆಳಗೆ ಓಡಿಸುತ್ತದೆ. ಮೇಲೆ ಕ್ಯಾಮ್ ಇದೆ, ಅದು ಗಾಳಿ ಒಳಗೆ ಬಿಡುವ, ಹೊಗೆ ಹೊರಗೆ ಬಿಡುವ ಬಾಗಿಲುಗಳಾದ ವಾಲ್‌ಗಳನ್ನು ತೆರೆದು ಮುಚ್ಚುತ್ತದೆ. ಕ್ರ್ಯಾಂಕ್ ಎರಡು ಸುತ್ತು ಹೊಡೆದರೆ ಕ್ಯಾಮ್ ಒಂದು ಸುತ್ತು. ಈ ಲೆಕ್ಕ ತಪ್ಪದಂತೆ ಎರಡನ್ನೂ ಹಿಡಿದಿಟ್ಟಿರುವುದು ಆ ಒಂದು ಹಲ್ಲಿನ ಬೆಲ್ಟ್. ನಮ್ಮ ಕಡೆ ಓಡುವ ಬಹಳಷ್ಟು ಕಾರುಗಳಲ್ಲಿ ವಾಲ್ ಪೂರ್ತಿ ಕೆಳಗಿಳಿದಾಗ ಅದು ಬಂದು ನಿಲ್ಲುವ ಜಾಗವೂ, ಪಿಸ್ಟನ್ ಪೂರ್ತಿ ಮೇಲೇರಿದಾಗ ಬಂದು ನಿಲ್ಲುವ ಜಾಗವೂ ಒಂದೇ. ಸಮಯ ಸರಿ ಇದ್ದರೆ ಒಂದು ಹೋದ ಮೇಲೆ ಇನ್ನೊಂದು ಬರುತ್ತದೆ. ಸಮಯ ತಪ್ಪಿದರೆ ಎರಡೂ ಗುದ್ದುತ್ತವೆ. ವಾಲ್ ಬಾಗುತ್ತದೆ. ಆಮೇಲೆ ಹೆಡ್, ಅಂದರೆ ವಾಲ್ ಕೂತಿರುವ ಎಂಜಿನ್ನಿನ ಮೇಲ್ಭಾಗ, ಇಳಿಸದೆ ದಾರಿ ಇಲ್ಲ.

ಸೆಲ್ಫ್ ಮೋಟರಿಗೆ ಕಣ್ಣಿಲ್ಲ, ಟ್ರ್ಯಾಕ್ಟರಿಗೂ ಇಲ್ಲ. ವಾಲ್ ಅಡ್ಡ ಬಂದರೂ ಅವು ತಿರುಗಿಸುತ್ತಲೇ ಇರುತ್ತವೆ. ಗೇರಿನಲ್ಲಿಟ್ಟು ಟ್ರ್ಯಾಕ್ಟರ್ ಎಳೆದರೆ ಚಕ್ರದಿಂದ ಎಂಜಿನ್ನಿಗೆ ಹೋಗುವ ಬಲ ಸೆಲ್ಫಿಗಿಂತ ಎಷ್ಟೋ ಜಾಸ್ತಿ. ಕೈಯಲ್ಲಿ ಪಾನಾ (ಸ್ಪ್ಯಾನರ್) ಹಿಡಿದು ತಿರುಗಿಸಿದರೆ ಅಡ್ಡ ಬಂದದ್ದು ನಿಮ್ಮ ಮುಂಗೈಗೆ ಗೊತ್ತಾಗುತ್ತದೆ.

ಇದನ್ನು ನಾನು ದುಡ್ಡು ಕೊಟ್ಟು ಕಲಿತವನು. 2004ರಲ್ಲಿ ಒಂದು ಡೀಸೆಲ್ ಇಂಡಿಕಾ. ಮದುವೆ ಮನೆಯವರು, ಸಂಜೆ ಒಳಗೆ ಗಾಡಿ ಬೇಕು ಅಂದರು. ಬೆಲ್ಟ್ ಹಾಕಿ, ಕೈಯಲ್ಲಿ ತಿರುಗಿಸಿ ನೋಡದೆ ಸೆಲ್ಫ್ ಹೊಡೆದೆ. 'ಟಕ್' ಅಂತ ಒಂದು ಸದ್ದು ಬಂತು. ಹೆಡ್ ಇಳಿಸಿ ನೋಡಿದರೆ 8 ವಾಲ್‌ಗಳಲ್ಲಿ 3 ಬಾಗಿದ್ದವು. ಪೂರ್ತಿ ಖರ್ಚು ನನ್ನ ಕಿಸೆಯಿಂದ ಹೋಯಿತು. ಮದುವೆಗೆ ಅವರಿಗೆ ಬೇರೆ ಗಾಡಿ ಮಾಡಿಕೊಟ್ಟೆ. ಆವತ್ತಿನಿಂದ ಎಷ್ಟೇ ಅವಸರ ಇರಲಿ, ಕೈಯಲ್ಲಿ ಎರಡು ಸುತ್ತು ಹೊಡೆಸದೆ ನನ್ನ ಗ್ಯಾರೇಜಿನಲ್ಲಿ ಯಾರೂ ಕೀ ಮುಟ್ಟುವ ಹಾಗಿಲ್ಲ.

ಕಿವಿ ಏನು ಹೇಳುತ್ತದೆ

ನೀವು ಈಗಾಗಲೇ ಒಂದೆರಡು ಸಲ ಸೆಲ್ಫ್ ಹೊಡೆದಿದ್ದೀರಿ, ಅಲ್ವಾ? ಆಗ ಬಂದ ಸದ್ದನ್ನು ನೆನಪಿಸಿಕೊಳ್ಳಿ.

ಕಂಪ್ರೆಶನ್ (ಸಿಲಿಂಡರಿನೊಳಗೆ ಗಾಳಿ ಒತ್ತಿ ಹಿಡಿಯುವ ಬಲ) ಸರಿ ಇರುವ ನಾಲ್ಕು ಸಿಲಿಂಡರ್ ಎಂಜಿನ್ ಸೆಲ್ಫಿಗೆ 'ಧಕ್ ಧಕ್ ಧಕ್ ಧಕ್' ಅಂತ ಒಂದೇ ತಾಳದಲ್ಲಿ ತಿರುಗುತ್ತದೆ. ಹಿಟ್ಟಿನ ಗಿರಣಿಯಲ್ಲಿ ಬೆಲ್ಟ್ ಕಳಚಿಬಿದ್ದಾಗ ಮೋಟರ್ ಒಂದೇ ಸಮನೆ 'ಗುಂಯ್' ಅಂತ ಹಗುರವಾಗಿ ತಿರುಗುತ್ತದಲ್ಲ, ಆ ಥರ ಕೇಳಿಸಿದರೆ ಯಾವ ಸಿಲಿಂಡರಿನಲ್ಲೂ ಗಾಳಿ ಹಿಡಿಯುತ್ತಿಲ್ಲ. ಟೈಮಿಂಗ್ ಬಹಳ ತಪ್ಪಿದೆ, ಇಲ್ಲವೇ ವಾಲ್ ಹೋಗಿವೆ. ಮೂರು ಧಕ್ ಬಂದು ನಾಲ್ಕನೆಯದಕ್ಕೆ ತಾಳ ತಪ್ಪಿದರೆ ಒಂದೇ ಸಿಲಿಂಡರಿನ ತೊಂದರೆ. ಏರ್ ಫಿಲ್ಟರ್ ಕಡೆಯಿಂದ 'ಫಟ್' ಅಂತ ಬ್ಯಾಕ್ ಫೈರ್ ಬಂದರೆ ಪೆಟ್ರೋಲೂ ಇದೆ, ಕಿಡಿಯೂ ಇದೆ, ಆದರೆ ಹೊತ್ತಲ್ಲದ ಹೊತ್ತಿನಲ್ಲಿ ಬರುತ್ತಿದೆ. ತಾಳ ಪೂರ್ತಿ ಸರಿ ಇದ್ದು, ಫಟ್ ಅಂತಲೂ ಇಲ್ಲ, ಕೆಮ್ಮೂ ಇಲ್ಲ, ಸುಮ್ನೆ ತಿರುಗುತ್ತಲೇ ಇದೆ ಅಂದರೆ ಕಿಡಿ ಅಥವಾ ಪೆಟ್ರೋಲ್ ಬರುತ್ತಿಲ್ಲ. ಬೆಲ್ಟಿಗಿಂತ ಜಾಸ್ತಿ ವೈರಿನ ಕಡೆ ಗುಮಾನಿ ಇಡಬೇಕಾದದ್ದು ಆಗ.

ಸೆಲ್ಫೇ ನಿಧಾನವಾಗಿ ಎಳೆದು ಎಳೆದು ತಿರುಗಿದರೆ ಬ್ಯಾಟರಿ ನೋಡಿ. ಬೆಲ್ಟ್ ಕೆಲಸಕ್ಕೆ ಟರ್ಮಿನಲ್ ಬಿಚ್ಚಿರುತ್ತೀರಿ, ಎಂಜಿನ್ ಮೌಂಟಿಂಗ್ ಬಿಚ್ಚುವಾಗ ಅರ್ತ್ ಪಟ್ಟಿಯನ್ನೂ ತೆಗೆದಿರುತ್ತೀರಿ. ಎಂಜಿನ್ನಿನಿಂದ ಗಾಡಿಯ ಮೈಗೆ ಬರುವ ಆ ಪಟ್ಟಿಯನ್ನು ಮರಳಿ ಬಿಗಿಯುವುದನ್ನು ಮರೆತವರು ಬಹಳ ಮಂದಿ. ಸುಮ್ಮನಿದ್ದಾಗ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. ಸೆಲ್ಫ್ ತಿರುಗುವಾಗ 10ಕ್ಕಿಂತ ಬಹಳ ಕೆಳಗೆ ಬಿದ್ದರೆ ಕಂಪ್ಯೂಟರ್ ಇರುವ ಗಾಡಿ ಕಿಡಿ ಕೊಡದೇ ಹೋಗಬಹುದು. ಚಾರ್ಜಿಗೆ ಹಾಕಿ ಮುಂದೆ ಹೋಗಿ.

ಕೈಯಲ್ಲಿ ಎರಡು ಸುತ್ತು

ಗಾಡಿ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಮೇಲೆ, ಬ್ಯಾಟರಿಯ ಮೈನಸ್ ವೈರ್ ಹೊರಗೆ. ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚಿ. ಪ್ಲಗ್ ಇಲ್ಲದಿದ್ದರೆ ಒಳಗಿನ ಗಾಳಿ ಹೊರಗೆ ಹೋಗುತ್ತದೆ, ಎಂಜಿನ್ ಹಗುರವಾಗಿ ತಿರುಗುತ್ತದೆ, ಅಡ್ಡ ಬಂದದ್ದು ಸ್ಪಷ್ಟವಾಗಿ ಗೊತ್ತಾಗುತ್ತದೆ. ಪ್ಲಗ್ ಬಿಚ್ಚುವ ಮೊದಲು ಸುತ್ತಲಿನ ಧೂಳು ಊದಿ ತೆಗೆಯಿರಿ. ನಮ್ಮಲ್ಲಿ ಗಿರಣಿ ತೌಡಿನ ಧೂಳು, ಸಂಡೂರು ಹೊಸಪೇಟೆ ಕಡೆ ಕೆಂಪು ಅದಿರಿನ ಧೂಳು. ಅದು ಸಿಲಿಂಡರಿನೊಳಗೆ ಬೀಳಬಾರದು.

ಈಗ ಕ್ರ್ಯಾಂಕ್ ಪುಲ್ಲಿಯ ನಡುವಿನ ಬೋಲ್ಟಿಗೆ ಉದ್ದ ಹಿಡಿಯ ಪಾನಾ ಹಾಕಿ, ಎಂಜಿನ್ ತಿರುಗುವ ದಿಕ್ಕಿಗೇ ನಿಧಾನವಾಗಿ ತಿರುಗಿಸಿ. ಹೆಚ್ಚಿನ ಎಂಜಿನ್‌ಗಳಿಗೆ ಅದು ಗಡಿಯಾರದ ದಿಕ್ಕು. ಕ್ಯಾಮ್ ಬೋಲ್ಟ್ ಹಿಡಿದು ಇಡೀ ಎಂಜಿನ್ ತಿರುಗಿಸಲು ಹೋಗಬೇಡಿ. ಆ ಬೋಲ್ಟಿಗೆ ಅಷ್ಟು ತಾಕತ್ತಿಲ್ಲ, ಬೆಲ್ಟಿಗೂ ಅದು ಒಳ್ಳೆಯದಲ್ಲ.

ತಿರುಗಿಸುವಾಗ ವಾಲ್ ಸ್ಪ್ರಿಂಗಿನ ಬಿಗಿ ಸಿಗುತ್ತದೆ. ಅದು ಮೆತ್ತಗೆ ಏರಿ ಮೆತ್ತಗೆ ಇಳಿಯುವ ಬಿಗಿ. ಕಬ್ಬಿಣಕ್ಕೆ ಕಬ್ಬಿಣ ತಾಗಿದರೆ ಹಾಗಲ್ಲ, ಗೋಡೆಗೆ ಕೈ ಇಟ್ಟ ಹಾಗೆ ನಿಂತುಬಿಡುತ್ತದೆ. ಹಾಗೆ ನಿಂತರೆ ಒತ್ತಾಯ ಮಾಡಬೇಡಿ. ಸ್ವಲ್ಪ ಹಿಂದಕ್ಕೆ ಬಿಟ್ಟು, ಬೆಲ್ಟ್ ತೆಗೆದು, ಮಾರ್ಕ್ (ಚಕ್ರದ ಮೇಲಿನ ಟೈಮಿಂಗ್ ಗುರುತು) ಹೊಸದಾಗಿ ಕೂಡಿಸಬೇಕು. ಕ್ರ್ಯಾಂಕ್ ಎರಡು ಪೂರ್ತಿ ಸುತ್ತು ಹೊಡೆದು ಎಲ್ಲೂ ನಿಲ್ಲಲಿಲ್ಲ ಅಂದರೆ ಅರ್ಧ ಭಯ ಹೋಯಿತು.

ಕಾರಟಗಿಯ ಸ್ಯಾಂಟ್ರೊ ಎಲ್ಲೂ ನಿಲ್ಲಲಿಲ್ಲ. ಹುಡುಗನ ಮುಖಕ್ಕೆ ಜೀವ ಬಂತು. ಆದರೆ ಎರಡು ಸುತ್ತು ಮುಗಿದಾಗ ಕೆಳಗಿನ ಮಾರ್ಕ್ ತನ್ನ ಜಾಗಕ್ಕೆ ಬಂದರೂ ಮೇಲಿನದು ಬಂದಿರಲಿಲ್ಲ.

ಮಾರ್ಕ್ ಅನ್ನುವುದು ಒಂದಲ್ಲ

ಇಲ್ಲಿ ನಿಧಾನವಾಗಿ ಓದಿ. ನನ್ನ ಹತ್ತಿರ ಬರುವ ಕೇಸುಗಳಲ್ಲಿ ಹೆಚ್ಚಿನವು ಕೆಡುವುದು ಇಲ್ಲೇ.

ಕ್ರ್ಯಾಂಕಿನಲ್ಲಿ ಎರಡು ಕಡೆ ಮಾರ್ಕ್ ಇರುತ್ತದೆ. ಹೊರಗಿನ ದೊಡ್ಡ ಪುಲ್ಲಿಯ ಅಂಚಿನಲ್ಲಿ ಒಂದು. ಒಳಗೆ ಬೆಲ್ಟ್ ಕೂರುವ ಹಲ್ಲಿನ ಚಕ್ರದ ಮೇಲೆ ಇನ್ನೊಂದು. ಇದು ಆಯಿಲ್ ಪಂಪಿನ ಮೈಮೇಲಿರುವ ಗೆರೆಗೋ ಬಾಣಕ್ಕೋ ಕೂಡಬೇಕು. ಬೆಲ್ಟ್ ಹಾಕುವಾಗ ನಂಬಬೇಕಾದದ್ದು ಒಳಗಿನದನ್ನು. ಹೊರಗಿನ ಪುಲ್ಲಿಯಲ್ಲಿ ಎಷ್ಟೋ ಗಾಡಿಗಳಿಗೆ ನಡುವೆ ರಬ್ಬರ್ ಪಟ್ಟಿ ಇರುತ್ತದೆ. ಹಳತಾದ ರಬ್ಬರ್ ಜಾರಿದರೆ ಹೊರಗಿನ ರಿಂಗ್ ತಾನಷ್ಟಕ್ಕೇ ಸರಿಯುತ್ತದೆ, ಮಾರ್ಕೂ ಅದರ ಜೊತೆ ಹೋಗುತ್ತದೆ. ಅದನ್ನು ನೋಡಿ ಕೂಡಿಸಿದವರು ಮೋಸ ಹೋಗುತ್ತಾರೆ.

ಇನ್ನೊಂದು ಮೋಸ. ಹಲ್ಲಿನ ಚಕ್ರದ ಮೇಲೆ ಒಂದಕ್ಕಿಂತ ಜಾಸ್ತಿ ಗುರುತು ಇರಬಹುದು. ಕಂಪನಿಯವರು ಒಂದೇ ಚಕ್ರವನ್ನು ಎರಡು ಮೂರು ನಮೂನೆಯ ಎಂಜಿನ್ನಿಗೆ ಬಳಸುತ್ತಾರೆ. ಚುಕ್ಕೆ, ರಂಧ್ರ, ಅಕ್ಷರ ಎಲ್ಲಾ ಇರುತ್ತವೆ. ನಿಮ್ಮ ಎಂಜಿನ್ನಿಗೆ ಯಾವುದು ಅನ್ನುವುದನ್ನು ಆ ಮಾಡೆಲಿನ ಮ್ಯಾನುಯಲ್ ನೋಡಿಯೇ ಖಾತ್ರಿ ಮಾಡಿಕೊಳ್ಳಿ. ಮೊಬೈಲಿನಲ್ಲಿ ಯಾರದೋ ವಿಡಿಯೊ ನೋಡಿ ಇನ್ಯಾವುದೋ ಎಂಜಿನ್ನಿನ ಗುರುತು ಕೂಡಿಸಿದವರ ಗಾಡಿಗಳನ್ನು ನಾನು ನೋಡಿದ್ದೇನೆ.

ಮಾರ್ಕಿನ ಎದುರು ಸರಿಯಾಗಿ ಕಣ್ಣಿಟ್ಟು ನೋಡಿ. ನಿಂತು ಮೇಲಿನಿಂದ ನೋಡಿದರೆ ಅರ್ಧ ಹಲ್ಲು ಆಚೀಚೆ ಕಾಣುತ್ತದೆ. ನಾನು ಪುಟ್ಟ ಕನ್ನಡಿ, ಮೊಬೈಲ್ ಟಾರ್ಚ್ ಇಟ್ಟುಕೊಂಡು, ನೆಲಕ್ಕೆ ಕೂತು ನೋಡುತ್ತೇನೆ. ಸರಿಯಾದ ಗುರುತಿಗೆ ಬಿಳಿ ಬಣ್ಣದ ಚುಕ್ಕೆ ಇಡುತ್ತೇನೆ.

ಒಂದು ಹಲ್ಲು ಅಂದರೆ ಎಷ್ಟು ಅಂತ ಲೆಕ್ಕ ಹಾಕೋಣ. ಕ್ರ್ಯಾಂಕಿಗೆ 20 ಹಲ್ಲು, ಕ್ಯಾಮಿಗೆ 40 ಹಲ್ಲು ಅಂದುಕೊಳ್ಳಿ. ಒಂದು ಹಲ್ಲು ತಪ್ಪಿದರೆ ಕ್ರ್ಯಾಂಕಿನ ಲೆಕ್ಕದಲ್ಲಿ 18 ಡಿಗ್ರಿ ತಪ್ಪಿದ ಹಾಗೆ. ಒಂದು ಹಲ್ಲು ತಪ್ಪಿದ ಗಾಡಿ ಹೇಗೋ ಚಾಲೂ ಆಗಬಹುದು, ಆದರೆ ಪಿಕಪ್ ಇರುವುದಿಲ್ಲ, ನಿಂತಲ್ಲೇ ನಡುಗುತ್ತದೆ. ಎರಡು ಮೂರು ತಪ್ಪಿದರೆ ಚಾಲೂ ಆಗುವುದೇ ಕಷ್ಟ.

ಮಾರ್ಕ್ ಸರಿಯಾಗಿ ಇಟ್ಟೇ ಬೆಲ್ಟ್ ಹಾಕಿದೆ ಅಂತ ಕಾರಟಗಿಯ ಹುಡುಗ ಆಣೆ ಮಾಡಿ ಹೇಳಿದ. ಸುಳ್ಳು ಹೇಳಿರಲಿಲ್ಲ. ಆದದ್ದೇನೆಂದರೆ ಬೆಲ್ಟಿನ ಸಡಿಲು ಉಳಿದದ್ದು ಬೇರೆ ಕಡೆ. ಬೆಲ್ಟಿಗೆ ಎರಡು ಮಗ್ಗುಲು. ಒಂದು ಕಡೆ ಟೆನ್ಶನರ್, ಅಂದರೆ ಬೆಲ್ಟನ್ನು ಬಿಗಿ ಇಡುವ ಗಾಲಿ, ಒತ್ತುತ್ತದೆ. ಇನ್ನೊಂದು ಕಡೆಯನ್ನು ಕ್ರ್ಯಾಂಕ್ ಎಳೆಯುತ್ತದೆ. ಹಾಕುವಾಗ ಎಳೆಯುವ ಮಗ್ಗುಲು ಹಗ್ಗದ ಹಾಗೆ ಬಿಗಿ ಇರಬೇಕು. ಇರುವ ಸಡಿಲೆಲ್ಲಾ ಟೆನ್ಶನರ್ ಕಡೆಗೇ ಬರಬೇಕು. ಅವನು ಎಳೆಯುವ ಮಗ್ಗುಲಲ್ಲಿ ಸಡಿಲು ಬಿಟ್ಟು ಟೆನ್ಶನರ್ ಬೋಲ್ಟ್ ಬಿಗಿದುಬಿಟ್ಟಿದ್ದ. ನಿಂತಾಗ ಮಾರ್ಕ್ ಸರಿ. ಮೊದಲ ಸುತ್ತಿಗೇ ಕ್ರ್ಯಾಂಕ್ ಆ ಸಡಿಲನ್ನು ಎಳೆದುಕೊಂಡಿತು, ಸಡಿಲು ಟೆನ್ಶನರ್ ಕಡೆಗೆ ಹೋಯಿತು, ಟೆನ್ಶನರ್ ಬಿಗಿದುಹೋಗಿದ್ದರಿಂದ ಅದನ್ನು ಹಿಡಿಯಲಿಲ್ಲ. ಬೆಲ್ಟ್ ಕ್ರ್ಯಾಂಕಿನ ಮೇಲೆ ಎರಡು ಹಲ್ಲು ಹಾರಿತ್ತು.

ಹಾಗಾಗಿ ಬೆಲ್ಟ್ ಹಾಕುವ ಕ್ರಮ ಹೀಗೆ. ಮೊದಲು ಕ್ರ್ಯಾಂಕಿನ ಹಲ್ಲಿಗೆ ಕೂರಿಸಿ. ಎಳೆಯುವ ಮಗ್ಗುಲನ್ನು ಬಿಗಿಯಾಗಿ ಹಿಡಿದೇ ಮೇಲಕ್ಕೆ ಒಯ್ದು ಕ್ಯಾಮಿಗೆ ಹಾಕಿ. ಕೊನೆಗೆ ಟೆನ್ಶನರ್ ಕಡೆ ಇಳಿಸಿ. ಸ್ಪ್ರಿಂಗ್ ಇರುವ ಟೆನ್ಶನರ್ ಆದರೆ ಬೋಲ್ಟ್ ಸಡಿಲ ಬಿಟ್ಟು ಸ್ಪ್ರಿಂಗ್ ತಾನೇ ಬೆಲ್ಟನ್ನು ಒತ್ತಲಿ. ಕೈಯಲ್ಲಿ ಕ್ರ್ಯಾಂಕನ್ನು ಎರಡು ಸುತ್ತು ಹೊಡೆಸಿ, ಮಾರ್ಕ್‌ಗಳು ಮತ್ತೆ ಕೂಡಿದ್ದು ನೋಡಿ, ಆಮೇಲೆ ಬೋಲ್ಟ್ ಬಿಗಿಯಿರಿ. ಬಿಗಿದ ಮೇಲೆ ಮತ್ತೆ ಎರಡು ಸುತ್ತು. ಮತ್ತೆ ಮಾರ್ಕ್. ಕೆಲವು ಎಂಜಿನ್ನಿಗೆ ಟೆನ್ಶನರ್ ಬಿಗಿಯುವ ಕ್ರಮ ಬೇರೆ ಇರುತ್ತದೆ, ಅಲ್ಲಿ ಮ್ಯಾನುಯಲ್ ಹೇಳಿದ್ದೇ ಸರಿ.

ಮಾರ್ಕ್ ಕೂಡುತ್ತಲೇ ಇಲ್ಲ, ಅಥವಾ ಒಂದು ಸಲ ಕೂಡಿ ಇನ್ನೊಂದು ಸಲ ತಪ್ಪುತ್ತದೆ ಅಂದರೆ ಕ್ರ್ಯಾಂಕ್ ಹಲ್ಲಿನ ಚಕ್ರವನ್ನೇ ಅಲ್ಲಾಡಿಸಿ ನೋಡಿ. ಅದರೊಳಗೆ ಅರ್ಧಚಂದ್ರದ ಆಕಾರದ ಚಿಕ್ಕ ಕೀ ಇರುತ್ತದೆ. ನಡುವಿನ ಬೋಲ್ಟ್ ಸರಿಯಾಗಿ ಬಿಗಿಯಾಗದಿದ್ದರೆ ಆ ಕೀ ಸವೆಯುತ್ತದೆ, ಮುರಿಯುತ್ತದೆ. ಆಮೇಲೆ ಚಕ್ರ ಒಂದು ಕಡೆ, ಕ್ರ್ಯಾಂಕ್ ಇನ್ನೊಂದು ಕಡೆ.

ಮಾರ್ಕಿನ ಮೇಲೆ ನಂಬಿಕೆ ಹೋದರೆ

ಹಳೇ ಗಾಡಿ, ಯಾರೋ ಚಕ್ರ ಬದಲಿಸಿದ್ದಾರೆ, ಗುರುತು ಅಳಿಸಿಹೋಗಿವೆ. ಆಗ ನಾನು ನಮ್ಮ ಉಸ್ತಾದ್ ಕಲಿಸಿದ ದಾರಿ ಹಿಡಿಯುತ್ತೇನೆ.

1ನೇ ಸಿಲಿಂಡರಿನ ಪ್ಲಗ್ ತೂತಿಗೆ ಒದ್ದೆ ಪೇಪರಿನ ಉಂಡೆ ಬಾಯಿಗೆ ಕೂರುವ ಹಾಗೆ ಇಡಿ. ಒಳಗೆ ಬೀಳದಷ್ಟು ದೊಡ್ಡದಿರಲಿ. ಕ್ರ್ಯಾಂಕ್ ನಿಧಾನ ತಿರುಗಿಸಿ. ಉಂಡೆ 'ಪುಸ್' ಅಂತ ಹೊರಗೆ ಬಂತು ಅಂದರೆ ಆ ಸಿಲಿಂಡರ್ ಕಂಪ್ರೆಶನ್ನಿಗೆ ಏರುತ್ತಿದೆ. ಈಗ ಉದ್ದನೆಯ ಪ್ಲಾಸ್ಟಿಕ್ ಕಡ್ಡಿಯನ್ನು ತೂತಿನೊಳಗೆ ಇಳಿಬಿಟ್ಟು ಹಿಡಿದು, ಅದು ಮೇಲೇರಿ ಏರಿ ನಿಲ್ಲುವ ತನಕ ತಿರುಗಿಸಿ. ಕಬ್ಬಿಣದ ಸ್ಕ್ರೂಡ್ರೈವರ್ ಹಾಕಬೇಡಿ, ಪಿಸ್ಟನ್ ತಲೆಗೆ ಗೀರು ಬೀಳುತ್ತದೆ, ಓರೆಯಾಗಿ ಸಿಕ್ಕಿಹಾಕಿಕೊಂಡರೆ ಪ್ಲಗ್ ತೂತಿನ ಮರೆಯೂ (ಸ್ಕ್ರೂ ಸುತ್ತು) ಹೋಗುತ್ತದೆ.

ಕಡ್ಡಿ ಮೇಲೆ ನಿಂತಾಗ ಎಂಜಿನ್ನಿನ ಮೇಲಿನ ರಾಕರ್ ಕವರ್ ತೆಗೆದು, ವಾಲ್ ಒತ್ತುವ ರಾಕರ್ ಸನ್ನೆಗಳನ್ನು ನೋಡಿ. 1ನೇ ಸಿಲಿಂಡರಿನ ವಾಲ್‌ಗಳೆಲ್ಲಾ ಮುಚ್ಚಿರಬೇಕು, ರಾಕರ್ ಸ್ವಲ್ಪ ಸಡಿಲು ಇರಬೇಕು. ಅದೇ ಹೊತ್ತಿಗೆ 4ನೇ ಸಿಲಿಂಡರಿನಲ್ಲಿ ಒಂದು ವಾಲ್ ಮುಚ್ಚುವ ಕೊನೆಯಲ್ಲಿ, ಇನ್ನೊಂದು ತೆರೆಯುವ ಮೊದಲಲ್ಲಿ ಇರಬೇಕು. ಪಾನಾವನ್ನು ಒಂದಿಷ್ಟು ಹಿಂದೆ ಮುಂದೆ ಆಡಿಸಿದರೆ 4ನೇದರ ರಾಕರ್‌ಗಳು ತಕ್ಕಡಿಯ ಹಾಗೆ ಒಂದು ಏರಿ ಒಂದು ಇಳಿಯುತ್ತವೆ. ಹೀಗೆ ಕಂಡರೆ ಟೈಮಿಂಗ್ ಸರಿ ಇರುವ ಸಂಭವ ಜಾಸ್ತಿ. ಯಾವ ಗುರುತೂ ಇಲ್ಲದ ಎಂಜಿನ್ ಕೂಡ ತನ್ನ ಸಮಯವನ್ನು ತಾನೇ ತೋರಿಸುವ ಈ ಕ್ಷಣ ನನಗೆ ಈಗಲೂ ಬಹಳ ಇಷ್ಟ. ಒಂದು ಹಲ್ಲಿನ ತಪ್ಪನ್ನು ಮಾತ್ರ ಇದು ಹಿಡಿಯುವುದಿಲ್ಲ, ಅದಕ್ಕೆ ಮಾರ್ಕೇ ಬೇಕು.

ಡೆಲ್ಕೋ (ಕಿಡಿಯನ್ನು ಸಿಲಿಂಡರುಗಳಿಗೆ ಹಂಚುವ ಡಿಸ್ಟ್ರಿಬ್ಯೂಟರ್) ಇರುವ ಹಳೇ ಕಾರ್ಬೊರೇಟರ್ ಗಾಡಿಗಳಿಗೆ ಒಂದು ಮಾತು. ಕ್ರ್ಯಾಂಕ್ ಮಾರ್ಕ್ ಎರಡು ಸುತ್ತಿನಲ್ಲಿ ಎರಡು ಸಲ ಕೂಡುತ್ತದೆ. 1 ಮತ್ತು 4ನೇ ಪಿಸ್ಟನ್ ಎರಡೂ ಒಟ್ಟಿಗೇ ಮೇಲೆ ಬರುತ್ತವೆ, ಆದರೆ ಕಂಪ್ರೆಶನ್ ಇರುವುದು ಒಂದಕ್ಕೆ ಮಾತ್ರ. ಕೆಲವು ಎಂಜಿನ್‌ಗಳಲ್ಲಿ ಬೆಲ್ಟಿನ ಮಾರ್ಕ್‌ಗಳು ಕೂಡಿದಾಗ ಕಿಡಿಗೆ ಕಾಯುತ್ತಿರುವುದು 1ನೇದಲ್ಲ, 4ನೇದು. ಇದು ಗೊತ್ತಿಲ್ಲದೆ ಡೆಲ್ಕೋವನ್ನು 1ನೇದಕ್ಕೆ ಇಟ್ಟರೆ ಅರ್ಧ ಸುತ್ತು ತಪ್ಪುತ್ತದೆ. ಗಾಡಿ ಫಟ್ ಫಟ್ ಅನ್ನುತ್ತದೆ, ಚಾಲೂ ಆಗುವುದಿಲ್ಲ. ಪ್ಲಗ್ ವೈರ್‌ಗಳಲ್ಲಿ 1ನ್ನು 4ಕ್ಕೂ 2ನ್ನು 3ಕ್ಕೂ ಅದಲು ಬದಲು ಮಾಡಿ ನೋಡಿದಾಗ ಚಾಲೂ ಆದರೆ ರೋಗ ಸಿಕ್ಕಿತು. ಡೆಲ್ಕೋ ತೆಗೆದು ಸರಿಯಾಗಿ ಕೂರಿಸಿ, ವೈರ್ ಮೊದಲಿನ ಹಾಗೆ ಮಾಡಿ. ನಾಲ್ಕು ಸಿಲಿಂಡರ್ ಕಾರುಗಳಲ್ಲಿ ಸಾಮಾನ್ಯವಾಗಿ ಫೈರಿಂಗ್, ಅಂದರೆ ಕಿಡಿ ಬರುವ ಸರದಿ, 1-3-4-2, ಮೂರು ಸಿಲಿಂಡರಿನ ಮಾರುತಿ 800ಕ್ಕೆ 1-3-2.

ಡೀಸೆಲ್ಲಿನಲ್ಲಿ ಹಳೇ ಇಂಡಿಕಾದಂಥವುಗಳಿಗೆ ಅದೇ ಬೆಲ್ಟ್ ಡೀಸೆಲ್ ಪಂಪನ್ನೂ ತಿರುಗಿಸುತ್ತದೆ. ಆದ್ದರಿಂದ ಕೂಡಿಸಬೇಕಾದ ಜಾಗ ಎರಡಲ್ಲ, ಮೂರು. ಸೆಲ್ಫ್ ಹೊಡೆದಾಗ ಸೈಲೆನ್ಸರಿನಿಂದ ಬಿಳಿ ಹೊಗೆ ಬಂದರೆ ಡೀಸೆಲ್ ಒಳಗೆ ಹೋಗುತ್ತಿದೆ, ಉರಿಯುತ್ತಿಲ್ಲ. ಪಂಪ್ ಟೈಮಿಂಗ್, ಕಂಪ್ರೆಶನ್, ಹೀಟರ್ ಪ್ಲಗ್ ನೋಡಿ. ಹೊಗೆಯೇ ಇಲ್ಲ ಅಂದರೆ ಡೀಸೆಲ್ಲೇ ಬರುತ್ತಿಲ್ಲ, ಪೈಪಿನ ಗಾಳಿ ತೆಗೆಯಿರಿ.

ಕಂಪ್ರೆಶನ್ ಗೇಜ್ ಇದ್ದರೆ

ಮಾರ್ಕ್ ಸರಿ ಮಾಡಿದ್ದಾಯಿತು, ಕೈಯಲ್ಲಿ ತಿರುಗಿಸಿದ್ದಾಯಿತು. ಈಗ ಬ್ಯಾಟರಿ ಜೋಡಿಸಿ ಸೆಲ್ಫ್ ಹೊಡೆಯಬಹುದು. ಅದಕ್ಕೂ ಮೊದಲು ಕಂಪ್ರೆಶನ್ ನೋಡಿಕೊಂಡರೆ ವಾಲ್ ಬದುಕಿವೆಯೋ ಇಲ್ಲವೋ ಗೊತ್ತಾಗುತ್ತದೆ. ಕಿಡಿಗೆ ಕರೆಂಟ್ ಕೊಡುವ ಕಾಯಿಲಿನ ಸಾಕೆಟ್ ಬಿಚ್ಚಿ, ಪೆಟ್ರೋಲ್ ಪಂಪಿನ ಫ್ಯೂಸ್ ತೆಗೆಯಿರಿ. ನಾಲ್ಕೂ ಪ್ಲಗ್ ಹೊರಗೇ ಇರಲಿ. ಆಕ್ಸಿಲೇಟರ್ ಪೂರ್ತಿ ಒತ್ತಿ ಹಿಡಿದು ಒಂದೊಂದೇ ಸಿಲಿಂಡರಿಗೆ ಗೇಜ್ ಹಾಕಿ, ಐದಾರು ಧಕ್ ಆಗುವಷ್ಟು ಸೆಲ್ಫ್.

ಆರೋಗ್ಯ ಇರುವ ಪೆಟ್ರೋಲ್ ಎಂಜಿನ್ ಸಾಮಾನ್ಯವಾಗಿ 150ರಿಂದ 190 ಪಿಎಸ್‌ಐ ತೋರಿಸುತ್ತದೆ. ನಾಲ್ಕೂ ಒಂದೇ ಸಮ ಕಡಿಮೆ, 80, 90 ಅಂತ ಬಂದರೆ ಟೈಮಿಂಗ್ ಇನ್ನೂ ತಪ್ಪಿರಬಹುದು. ಮೂರು ಚೆನ್ನಾಗಿದ್ದು ಒಂದು ಸೊನ್ನೆಯ ಹತ್ತಿರ ಇದ್ದರೆ ಆ ಸಿಲಿಂಡರಿನ ವಾಲ್ ಬಾಗಿರುವ ಗುಮಾನಿ ಇಡಿ. ಒಂದು ಚಮಚ ಆಯಿಲ್ ಹಾಕಿ ಮತ್ತೆ ನೋಡಿ. ಪಿಸ್ಟನ್ ರಿಂಗ್ ಸವೆದಿದ್ದರೆ ಗೇಜಿನ ಅಂಕಿ ಏರುತ್ತದೆ. ವಾಲ್ ಬಾಗಿದ್ದರೆ ಏರುವುದಿಲ್ಲ. ಅಲ್ಲಿಗೆ ಹೆಡ್ ಇಳಿಸುವ ಮಾತು, ಇನ್ನು ಸೆಲ್ಫ್ ಹೊಡೆದು ಪ್ರಯೋಜನ ಇಲ್ಲ.

ಬೆಲ್ಟ್ ಸರಿ ಮಾಡಿದ ಮೇಲೆ ನಮ್ಮ ಸ್ಯಾಂಟ್ರೊ ನಾಲ್ಕಕ್ಕೂ 165ರ ಆಸುಪಾಸು ತೋರಿಸಿತು. ಪ್ಲಗ್ ಹಾಕಿದೆವು. ಮಾವ ಊದಿನಕಡ್ಡಿ ಹಚ್ಚಿದರು. ಸೆಲ್ಫ್ ಹೊಡೆದೆವು. ಧಕ್ ಧಕ್ ತಾಳ ಬಂತು, ಕಂಪ್ರೆಶನ್ ಜೋರಾಗಿ ಕೇಳಿಸಿತು. ಗಾಡಿ ಚಾಲೂ ಆಗಲಿಲ್ಲ.

ಒಂದು ತಪ್ಪು ಸಿಕ್ಕಿತು ಅಂತ ಹುಡುಕುವುದನ್ನು ನಿಲ್ಲಿಸಬಾರದು

ಮಾರ್ಕ್ ಸರಿ, ಕಂಪ್ರೆಶನ್ ಸರಿ ಅಂದ ಮೇಲೆ ಮತ್ತೆ ಬೆಲ್ಟ್ ಬಿಚ್ಚಬೇಡಿ. ಇನ್ನು ನೋಡಬೇಕಾದದ್ದು, ಬೆಲ್ಟಿಗಾಗಿ ನೀವು ಬೇರೆ ಏನೇನು ಮುಟ್ಟಿದ್ದೀರಿ ಅನ್ನುವುದನ್ನು. ಎಂಜಿನ್ ಎತ್ತಲು ಜಾಕ್ ಕೊಟ್ಟಾಗ ಎಳೆದುಕೊಂಡ ವೈರ್ ಯಾವುದು? ಕವರ್ ತೆಗೆಯುವಾಗ ಪಕ್ಕಕ್ಕೆ ಸರಿಸಿದ ಸಾಕೆಟ್ ಯಾವುದು? ಏರ್ ಫಿಲ್ಟರ್ ಡಬ್ಬಿಯ ದಪ್ಪ ಪೈಪ್, ಸಣ್ಣ ವ್ಯಾಕ್ಯೂಮ್ ಪೈಪ್ ಮರಳಿ ಕೂತಿವೆಯಾ? ಬಿಚ್ಚುವ ಮೊದಲು ಮೊಬೈಲಿನಲ್ಲಿ ನಾಲ್ಕು ಫೋಟೊ ತೆಗೆದಿದ್ದರೆ ಇಲ್ಲಿ ಬಹಳ ಸಹಾಯ ಆಗುತ್ತದೆ.

ಪೆಟ್ರೋಲಿಗೆ ಸುಲಭದ ಪರೀಕ್ಷೆ. ಕೀ ಆನ್ ಮಾಡಿದಾಗ ಹಿಂದಿನ ಸೀಟಿನ ಕಡೆ ಎರಡು ಸೆಕೆಂಡ್ 'ಝ್ಝ್' ಅಂತ ಪಂಪಿನ ಸದ್ದು ಬರಬೇಕು. ಬರದಿದ್ದರೆ ಫ್ಯೂಸ್, ರಿಲೇ. ಕಂಪ್ರೆಶನ್ ನೋಡಲು ತೆಗೆದ ಫ್ಯೂಸ್ ಮರಳಿ ಹಾಕಿದ್ದೀರಾ? ಡ್ಯಾಶ್‌ಬೋರ್ಡಿನಲ್ಲಿ ಕೀ ಗುರುತಿನ ದೀಪ ಇರುವ ಗಾಡಿಯಾದರೆ ಅದು ಮಿಣುಕುತ್ತಿದೆಯಾ ನೋಡಿ. ಮಿಣುಕಿದರೆ ಗಾಡಿ ಆ ಕೀಯನ್ನು ಒಪ್ಪುತ್ತಿಲ್ಲ, ಇನ್ನೊಂದು ಕೀ ಹಾಕಿ ನೋಡಿ. ಪ್ಲಗ್ ಬಿಚ್ಚಿದಾಗ ಪೆಟ್ರೋಲಿನಲ್ಲಿ ತೊಯ್ದಿದ್ದರೆ ಒರೆಸಿ ಒಣಗಿಸಿ. ಇಂಜೆಕ್ಷನ್ ಗಾಡಿಗಳಲ್ಲಿ ಹೆಚ್ಚಿನವು ಆಕ್ಸಿಲೇಟರ್ ಪೂರ್ತಿ ಒತ್ತಿ ಸೆಲ್ಫ್ ಹೊಡೆದರೆ ಪೆಟ್ರೋಲ್ ನಿಲ್ಲಿಸಿ ಬರೀ ಗಾಳಿ ಎಳೆದುಕೊಳ್ಳುತ್ತವೆ, ಸಿಲಿಂಡರ್ ಒಣಗುತ್ತದೆ.

ಕಿಡಿ ನೋಡುವಾಗ ಜೋಪಾನ. ಪ್ಲಗ್ ಕೈಯಲ್ಲಿ ಹಿಡಿಯಬೇಡಿ. ಎಂಜಿನ್ನಿನ ಕಬ್ಬಿಣಕ್ಕೆ ಗಟ್ಟಿಯಾಗಿ ತಾಗುವ ಹಾಗೆ ಇಡಿ, ಪ್ಲಗ್ ತೂತಿನಿಂದ ದೂರ. ಪೆಟ್ರೋಲಿನಲ್ಲಿ ತೊಯ್ದ ಬಟ್ಟೆ, ಪೆಟ್ರೋಲ್ ಡಬ್ಬಿ ಹತ್ತಿರ ಇರಬಾರದು. ವೈರನ್ನು ಎಲ್ಲೂ ತಾಗಿಸದೆ ಗಾಳಿಯಲ್ಲಿ ಬಿಟ್ಟು ಸೆಲ್ಫ್ ಹೊಡೆದರೆ ಕಾಯಿಲ್ ಸುಟ್ಟುಹೋಗಬಹುದು.

ಸ್ಯಾಂಟ್ರೊದಲ್ಲಿ ಕಿಡಿ ಇರಲಿಲ್ಲ. ನಾಲ್ಕಕ್ಕೂ ಇಲ್ಲ. ಒಂದಕ್ಕೆ ಇಲ್ಲ ಅಂದರೆ ಪ್ಲಗ್ಗೋ ವೈರೋ. ಎರಡಕ್ಕೆ ಮಾತ್ರ ಇಲ್ಲ ಅಂದರೆ ಕಾಯಿಲಿನ ಅರ್ಧ. ನಾಲ್ಕಕ್ಕೂ ಇಲ್ಲ ಅಂದರೆ ಎಂಜಿನ್ ತಿರುಗುತ್ತಿದೆ ಅನ್ನುವುದೇ ಕಂಪ್ಯೂಟರಿಗೆ ಗೊತ್ತಾಗುತ್ತಿಲ್ಲ ಅಂತ ನಾನು ಮೊದಲು ತಿಳಿಯುತ್ತೇನೆ. ಅದನ್ನು ಹೇಳುವುದು ಕ್ರ್ಯಾಂಕ್ ಸೆನ್ಸರ್.

ಗಾಡಿಯ ಕಂಪ್ಯೂಟರ್ ಓದುವ ಸ್ಕ್ಯಾನರ್ ಹಾಕಿ, ಸೆಲ್ಫ್ ಹೊಡೆಯುತ್ತಾ ಆರ್‌ಪಿಎಂ ನೋಡಿದೆ. ಸರಿ ಇದ್ದರೆ 200ರ ಆಸುಪಾಸು ಏನಾದರೂ ತೋರಿಸಬೇಕು. ಸೊನ್ನೆ. ಪಿ0335 ಅನ್ನುವ ಕೋಡ್ ಇತ್ತು. ಅದು ಕ್ರ್ಯಾಂಕ್ ಸೆನ್ಸರಿನದು. ಕ್ಯಾಮ್ ಸೆನ್ಸರಿಗೆ ಪಿ0340. ಪಿ0016 ಬಂದರೆ ಕ್ರ್ಯಾಂಕ್ ಕ್ಯಾಮ್ ಎರಡರ ಲೆಕ್ಕ ಒಂದಕ್ಕೊಂದು ಕೂಡುತ್ತಿಲ್ಲ ಅಂತ, ಆಗ ಮತ್ತೆ ಮಾರ್ಕಿಗೇ ಹೋಗಬೇಕು. ಸ್ಕ್ಯಾನರ್ ಇಲ್ಲದಿದ್ದರೂ ಆರ್‌ಪಿಎಂ ಮುಳ್ಳು ಇರುವ ಗಾಡಿಯಲ್ಲಿ ಅದನ್ನೇ ನೋಡಿ. ಸೆಲ್ಫ್ ಹೊಡೆದಾಗ ಚೂರು ಅಲ್ಲಾಡಿದರೆ ಸೆನ್ಸರ್ ಮಾತಾಡುತ್ತಿದೆ.

ಕೆಲವು ಎಂಜಿನ್‌ಗಳಲ್ಲಿ ಕ್ರ್ಯಾಂಕಿನ ಬೆಲ್ಟ್ ಚಕ್ರದ ಹಿಂದೆ ಸೆನ್ಸರ್ ಓದುವ ಹಲ್ಲಿನ ತಟ್ಟೆ ಇರುತ್ತದೆ. ಅದನ್ನು ಹಾಕಲು ಮರೆತರೆ, ಉಲ್ಟಾ ಹಾಕಿದರೆ, ಬಗ್ಗಿಸಿದರೆ ಇದೇ ರೋಗ. ಸೆನ್ಸರಿನ ತುದಿಗೆ ಕಬ್ಬಿಣದ ಪುಡಿ ಅಂಟಿಕೊಂಡರೂ ಇದೇ.

ಕಾರಟಗಿಯಲ್ಲಿ ಇದ್ಯಾವುದೂ ಅಲ್ಲ. ಬೆಲ್ಟ್ ಮತ್ತು ಟೆನ್ಶನರ್ ಹುಬ್ಬಳ್ಳಿಯಿಂದ ಬಸ್ಸಿನ ಪಾರ್ಸೆಲ್ಲಿನಲ್ಲಿ ಬರಬೇಕಿತ್ತು. ಅದಕ್ಕೆ 4 ದಿನ ಹಿಡಿಯಿತು. ಆ 4 ದಿನ ಗಾಡಿ ನಿಂತಿದ್ದು ಮನೆಯ ಹಿಂದಿನ ಶೆಡ್ಡಿನಲ್ಲಿ, ಭತ್ತದ ಚೀಲಗಳ ಪಕ್ಕ. ಕೆಳಗೆ ಮಲಗಿ ಟಾರ್ಚ್ ಬಿಟ್ಟು ವೈರ್ ಹಿಡಿದುಕೊಂಡು ಹೋದೆ. ಸೆನ್ಸರಿನಿಂದ ಒಂದು ಗೇಣು ಮೇಲೆ ಎರಡು ವೈರ್ ಕಡಿದಿದ್ದವು. ತುದಿಯಲ್ಲಿ ಪುಟ್ಟ ಹಲ್ಲಿನ ಗುರುತು. ಪಕ್ಕದಲ್ಲಿ ಇಲಿ ಹಿಕ್ಕೆ. ನಮ್ಮ ಭತ್ತದ ಸೀಮೆಯಲ್ಲಿ, ಗಂಗಾವತಿಯಿಂದ ಸಿಂಧನೂರು ತನಕ, ಕಾರು ನಾಲ್ಕು ದಿನ ನಿಂತರೆ ಇಲಿ ಬಂದೇ ಬರುತ್ತದೆ. ಕೆಲಸ ಅರ್ಧಕ್ಕೆ ನಿಂತ ಗಾಡಿಗೆ ಬಾನೆಟ್ ಮುಚ್ಚಿದರೂ ಕೆಳಗೆ ಪೂರ್ತಿ ತೆರೆದೇ ಇರುತ್ತದೆ.

ವೈರನ್ನು ಸುಮ್ನೆ ತಿರುಚಿ ಟೇಪ್ ಸುತ್ತಬೇಡಿ. ಸೆನ್ಸರ್ ಕಳಿಸುವ ಸಿಗ್ನಲ್ ಬಹಳ ಸಣ್ಣದು. ಬೆಸುಗೆ ಹಾಕಿ, ಶ್ರಿಂಕ್ ಪೈಪ್ ಏರಿಸಿ, ಬಿಸಿ ಸೈಲೆನ್ಸರಿನಿಂದ, ತಿರುಗುವ ಪುಲ್ಲಿಯಿಂದ ದೂರ ಕಟ್ಟಿ. ನಾವು ಬೆಸುಗೆ ಹಾಕಿ ಮೇಲೆ ಪ್ಲಾಸ್ಟಿಕ್ ಕೊಳವೆ ಹಾಕಿದೆವು.

ಈ ಸಲ ಕೀಯನ್ನು ಹುಡುಗನ ಕೈಗೇ ಕೊಟ್ಟೆ. ಎರಡನೇ ಧಕ್ಕಿಗೆ ಗಾಡಿ ಹಿಡಿಯಿತು.

ಚಾಲೂ ಆದ ಕೂಡಲೇ ರೇಸ್ ಕೊಡಬೇಡಿ. ಆಯಿಲ್ ದೀಪ ಆರಿತೇ ನೋಡಿ. ಬೆಲ್ಟ್ ಕಡೆ ಕಿವಿ ಇಡಿ. ಸಿಳ್ಳೆಯಂಥ ಸದ್ದು ಬಂದರೆ ಬೆಲ್ಟ್ ಬಿಗಿ ಜಾಸ್ತಿ ಆಗಿದೆ, ಕವರಿಗೆ ಬಡಿದ ಹಾಗೆ ಪಟಪಟ ಅಂದರೆ ಸಡಿಲ ಇದೆ. ಬೆಲ್ಟ್ ಕೆಲಸಕ್ಕೆ ವಾಟರ್ ಪಂಪ್ ಬಿಚ್ಚಿದ್ದರೆ ಎಂಜಿನ್ ತಣ್ಣಗಿರುವಾಗಲೇ ರೇಡಿಯೇಟರ್ ನೀರು ತುಂಬಿರಬೇಕು. ಫ್ಯಾನ್ ಎರಡು ಸಲ ತಿರುಗಿ ನಿಲ್ಲುವ ತನಕ ಐಡ್ಲಿನಲ್ಲೇ ಬಿಡಿ, ಟೆಂಪರೇಚರ್ ಮುಳ್ಳಿನ ಮೇಲೆ ಕಣ್ಣಿರಲಿ. ಆಮೇಲೆ ಆಫ್ ಮಾಡಿ, ತಣಿಸಿ, ನೀರಿನ ಮಟ್ಟ ನೋಡಿ, ಬೆಲ್ಟ್ ಕವರ್ ಹಾಕಿ. ಧೂಳಿನ ಊರಿನಲ್ಲಿ ಕವರ್ ಇಲ್ಲದೆ ಓಡಿಸಬೇಡಿ, ಒಂದು ಕಲ್ಲಿನ ಚೂರು ಬೆಲ್ಟಿನ ಹಲ್ಲಿಗೆ ಸಿಕ್ಕರೂ ಸಾಕು.

ಕೊನೆಗೆ ಒಂದು ಚೀಟಿಯಲ್ಲಿ ಬೆಲ್ಟ್ ಹಾಕಿದ ತಾರೀಖು, ಓಡಿದ ಕಿಲೋಮೀಟರ್ ಬರೆದು ಬಾನೆಟ್ ಒಳಗೆ ಅಂಟಿಸಿ. ಕಾರಟಗಿಯ ಸ್ಯಾಂಟ್ರೊದ ಚೀಟಿಯಲ್ಲಿ ಮೂರನೇ ಸಾಲೂ ಇದೆ. ಹುಡುಗ ತಾನೇ ಬರೆದದ್ದು: 'ಕ್ರ್ಯಾಂಕ್ ಸೆನ್ಸರ್ ವೈರ್ ಜೋಡಿಸಿದೆ, ಎಡಗಡೆ, ಕೆಳಗೆ.'